ತೆಂಗು, ಮಾವು, ಸೀಬೆ ಸಸಿಗಳ ಬುಡ ಕೊರೆಯುವ ಹೆಗ್ಗಣ: ಜಾಲರಿ ಹಾಕುವುದೋ, ವಿಷ ಇಡುವುದೋ?

ಪ್ರಶ್ನೆ: ಹೊಸತೋಟ, ತುರುವೇಕೆರೆ

ಎಲ್ಲರಿಗೂ ನಮಸ್ಕಾರ. ಜಾಗ ತುರುವೇಕೆರೆ ತಾಲ್ಲೂಕು, ಎರಡು ಎಕರೆ, ಮರಳು ಬೆರೆತ ಕೆಂಪು ಮಣ್ಣು. ಹೋದ ಜೂನ್‌ನಲ್ಲಿ ಒಂದು ಎಕರೆಗೆ 45 ತೆಂಗಿನ ಸಸಿ, ಇನ್ನೊಂದು ಎಕರೆಗೆ 40 ಕಸಿ ಮಾವು, ಮಾವಿನ ನಡುವೆ 40 ಸೀಬೆ ನಾಟಿ ಆಗಿದೆ. ಗುಂಡಿಗಳೆಲ್ಲ 3 ಅಡಿ ಉದ್ದ, ಅಗಲ, ಆಳ. ತೆಂಗಿನ ಗುಂಡಿಯ ತಳಕ್ಕೆ ತೇವ ನಿಲ್ಲಲಿ ಎಂದು ಎರಡು ಪದರ ಕಾಯಿ ಮಟ್ಟೆ, ಅದರ ಮೇಲೆ ಕೊಟ್ಟಿಗೆ ಗೊಬ್ಬರ, ಕಡಲೆಕಾಯಿ ಹಿಂಡಿ ಹಾಕಿದ್ದೇವೆ. 16 ಎಂಎಂ ಡ್ರಿಪ್ ಪೈಪು, ಬುಡಕ್ಕೆ ಒಂದೊಂದು ಡ್ರಿಪ್ಪರ್. ಸಸಿಯ ಸುತ್ತ ರಾಗಿ ಹುಲ್ಲು, ತೆಂಗಿನ ಗರಿಯ ಹೊದಿಕೆ. ಪೂರ್ವಕ್ಕೆ ಪಕ್ಕದವರ ರಾಗಿ ಹೊಲ, ಪಶ್ಚಿಮಕ್ಕೆ ಕೆರೆ ಅಚ್ಚುಕಟ್ಟಿನ ಗದ್ದೆ.

ರಾಗಿ ಕೊಯ್ಲಾಗುವವರೆಗೆ ಏನೂ ಇರಲಿಲ್ಲ. ಆಮೇಲೆ 6 ತೆಂಗು, 9 ಸೀಬೆ, 4 ಮಾವು ಹೋಗಿವೆ. ತೆಂಗಿನಲ್ಲಿ ಮೊದಲು ಸುಳಿ ಬಾಡುತ್ತದೆ, ಎರಡು ದಿನದಲ್ಲಿ ಗರಿ ಜೋಲುತ್ತದೆ, ಹಿಡಿದು ಎಳೆದರೆ ಸಸಿ ಕೈಗೇ ಬರುತ್ತದೆ. ಸೀಬೆ ಒಂದು ಕಡೆಗೆ ವಾಲಿಕೊಂಡು ನಿಲ್ಲುತ್ತದೆ. ಪಾತಿಯೊಳಗೆ, ಬದುವಿನ ಮೇಲೆ ಅಲ್ಲಲ್ಲಿ ಹೊಸ ಮಣ್ಣಿನ ಗುಡ್ಡೆ. ಡ್ರಿಪ್ ಪೈಪನ್ನೂ ಕಡಿದಿವೆ. ನುಸಿಗುಳಿಗೆ ಹಾಕಿದ್ದಾಯಿತು, ಉಪಯೋಗವಾಗಲಿಲ್ಲ. ಗೊಬ್ಬರದ ಅಂಗಡಿಯಲ್ಲಿ ಫೋರೇಟ್ ಎಂಬ ಕೀಟನಾಶಕದ ಹರಳನ್ನು ಬಿಲಕ್ಕೆ ಸುರಿಯಲು ಹೇಳಿದರು.

ನನ್ನ ಪ್ರಶ್ನೆ ಮೂರು. ಇದು ಹೆಗ್ಗಣವೇ ಹೌದೇ? ಉಳಿದ ಸಸಿಗಳಿಗೆ ಈಗ ಜಾಲರಿ ಹಾಕಬಹುದೇ, ಹಾಕುವುದಾದರೆ ಯಾವ ಅಳತೆ? ವಿಷ ಇಡಲೇಬೇಕೆಂದರೆ ಯಾವುದು, ಎಷ್ಟು?

ಉತ್ತರ: ಬದುಬೇಲಿ

ಫೋರೇಟ್ ಮಾತನ್ನು ಮೊದಲು ಮುಗಿಸೋಣ. 2020ರ ಡಿಸೆಂಬರ್ ಕೊನೆಯಿಂದ ದೇಶದಲ್ಲಿ ಅದರ ಮಾರಾಟ, ಬಳಕೆ ಎರಡೂ ನಿಷೇಧ. ಇಲಿಗೆಂದು ಅದಕ್ಕೆ ಎಂದೂ ಶಿಫಾರಸು ಇರಲಿಲ್ಲ. ಬಿಲದ ಬಾಯಲ್ಲಿ ಸುರಿದ ಹರಳು ನೀರು ಬಿದ್ದಾಗ ಕರಗಿ ಮಣ್ಣಿಗೆ, ಪಕ್ಕದ ಬಾವಿಗೆ ಸೇರುತ್ತದೆ. ಕೋಳಿ, ನಾಯಿ, ನವಿಲು ಸಾಯುತ್ತವೆ. ಹೆಗ್ಗಣ ಮಾತ್ರ ಪಕ್ಕದಲ್ಲಿ ಇನ್ನೊಂದು ಬಾಯಿ ತೋಡಿಕೊಂಡು ಆರಾಮಾಗಿರುತ್ತದೆ. ಅಂಗಡಿಯವರು ಇನ್ನೂ ಅದನ್ನೇ ಕೈಗೆ ಕೊಡುತ್ತಿದ್ದರೆ ದಯವಿಟ್ಟು ತೆಗೆದುಕೊಳ್ಳಬೇಡಿ.

ಹೆಗ್ಗಣವೇ ಎಂದು ಖಚಿತ ಮಾಡಿಕೊಳ್ಳಲು ಸತ್ತ ಸಸಿಯನ್ನು ತೊಳೆದು ಬುಡ ನೋಡಿ. ಹಲ್ಲಿನ ಗುರುತಿದೆಯೇ, ಹುಳ ಇದೆಯೇ ಎಂದು ನೋಡದೆ, ಸತ್ತಿದೆ ಎಂದಷ್ಟೇ ನೋಡಿ ಎಸೆಯುವುದರಿಂದಲೇ ಅರ್ಧ ತಪ್ಪು ಔಷಧಿಗಳು ತೋಟಕ್ಕೆ ಬರುತ್ತವೆ. ಹೆಗ್ಗಣ ಕಡಿದ ಬೇರಿನ ತುದಿ ಓರೆಯಾಗಿ ತುಂಡಾಗಿರುತ್ತದೆ, ತೊಗಟೆಯ ಮೇಲೆ ಜೋಡಿ ಜೋಡಿ ಉಳಿ ಗೀರು ಕಾಣುತ್ತದೆ. ಗೊಣ್ಣೆ ಹುಳುವಾದರೆ ಸಣ್ಣ ಬೇರೆಲ್ಲ ಸವೆದು ಬೋಳಾಗಿರುತ್ತದೆ, ಹಲ್ಲಿನ ಗೀರು ಇರುವುದಿಲ್ಲ, ಬುಡ ಅಗೆದರೆ ಬಿಳಿ ಹುಳು ಸಿಗುತ್ತದೆ. ಗೆದ್ದಲಾದರೆ ತೊಗಟೆಯ ಮೇಲೆ ಮಣ್ಣಿನ ಲೇಪ. ಸುಳಿಯಲ್ಲಿ ತೂತು ಬಿದ್ದು ಅಗಿದ ನಾರು ಹೊರಗೆ ಬಂದಿದ್ದರೆ ಅದು ದುಂಬಿಯ ಕೆಲಸ, ಮಣ್ಣಿನ ಒಳಗಿನದ್ದಲ್ಲ. ಮಾವು, ಸೀಬೆ ನೆಲದಿಂದ ಅರ್ಧ, ಒಂದು ಅಡಿ ಮೇಲೆ ಚಾಕುವಿನಲ್ಲಿ ಕತ್ತರಿಸಿದಂತೆ ತುಂಡಾಗಿದ್ದರೆ ಮೊಲ. ತೆಂಗಿನ ಬುಡವನ್ನು ಪಕ್ಕದಿಂದ ಅಗಲವಾಗಿ ಕೆದರಿ ಒಳಗಿನ ಮೆದು ಭಾಗ ತಿಂದಿದ್ದರೆ ಮುಳ್ಳುಹಂದಿ. ಹತ್ತಿರದಲ್ಲೇ ಮುಳ್ಳು ಬಿದ್ದಿರುವುದೂ ಉಂಟು. ಮುಳ್ಳುಹಂದಿ ವನ್ಯಜೀವಿ ಕಾಯಿದೆಯಲ್ಲಿ ರಕ್ಷಿತ ಪ್ರಾಣಿ, ಅದಕ್ಕೆ ವಿಷ, ಉರುಳು ಯಾವುದೂ ಕೂಡದು, ಬೇಲಿಯೊಂದೇ ದಾರಿ.

ನಿಮ್ಮ ವಿವರಣೆ ನೋಡಿದರೆ ಇದು ಹೊಲದ ಹೆಗ್ಗಣ. ಬಿಲದ ಬಾಯಿಯ ಹತ್ತಿರ ಸಡಿಲ ಮಣ್ಣಿನ ಗುಡ್ಡೆ, ಒಳಗೆ ಪ್ರಾಣಿ ಇದ್ದರೆ ಹಗಲು ಹೊತ್ತು ಬಾಯಿ ಮಣ್ಣಿನಿಂದ ಮುಚ್ಚಿರುವುದು, ಎರಡೂ ಅದರ ಗುರುತು. ಅದು ಬಿಲದೊಳಗೆ ಕಾಳು ಕೂಡಿಡುವ ಪ್ರಾಣಿ. ಹೊಲದಲ್ಲಿ ರಾಗಿ ಇರುವಷ್ಟು ದಿನ ನಿಮ್ಮ ಸಸಿ ಅದಕ್ಕೆ ಬೇಕಿರಲಿಲ್ಲ. ತೆನೆ ಹೋಯಿತು, ಕೂಡಿಟ್ಟದ್ದೂ ಕರಗುತ್ತಿದೆ. ಇತ್ತ ನಿಮ್ಮ ಪಾತಿಯಲ್ಲಿ ತೇವ ಇದೆ, ಮೆದು ಮಣ್ಣಿದೆ, ಹೊದಿಕೆಯ ಮರೆ ಇದೆ, ಹಿಂಡಿಯ ವಾಸನೆ ಇದೆ.

ಇವತ್ತು ಸಂಜೆ ಮಾಡಬೇಕಾದ್ದು ಒಂದು ಕೆಲಸ. ತೋಟದ ಒಳಗೆ ಮತ್ತು ನಾಲ್ಕೂ ಬದುವಿನ ಮೇಲೆ ಕಾಣುವ ಎಲ್ಲ ಬಿಲದ ಬಾಯಿಯನ್ನು ಒದ್ದೆ ಮಣ್ಣಿನಿಂದ ಮುಚ್ಚಿ ಕಾಲಲ್ಲಿ ತುಳಿಯಿರಿ, ಪಕ್ಕಕ್ಕೊಂದು ಕಡ್ಡಿ ನೆಡಿ. ಬೆಳಿಗ್ಗೆ ಯಾವ ಕಡ್ಡಿಯ ಹತ್ತಿರ ಮತ್ತೆ ಮಣ್ಣು ಎತ್ತಿದೆಯೋ ಅದು ಜೀವಂತ ಬಿಲ. ಆ ಲೆಕ್ಕವಿಲ್ಲದೆ ಜಾಲರಿ ಎಲ್ಲಿಂದ ಶುರು ಮಾಡಬೇಕು, ವಿಷ ಎಷ್ಟು ಬೇಕು ಎಂದು ಹೇಳಲು ಆಗುವುದಿಲ್ಲ.

ಹೊಸತೋಟ, ತುರುವೇಕೆರೆ

ಧನ್ಯವಾದ. ಸೀಬೆ ಬೇರು ತೊಳೆದು ನೋಡಿದೆ, ಜೋಡಿ ಗೀರು ಸ್ಪಷ್ಟವಾಗಿದೆ. ತೆಂಗಿನ ಸಸಿಯಲ್ಲಿ ಕಾಯಿಯ ಪಕ್ಕದಿಂದ ಮಟ್ಟೆ ಕೊರೆದು ಒಳಗಿನ ಮೊಳಕೆ ಗಡ್ಡೆ ಖಾಲಿ ಮಾಡಿದೆ. ಎಲ್ಲ ಬಾಯಿ ಮುಚ್ಚಿದ್ದರಲ್ಲಿ ಮತ್ತೆ ತೆರೆದದ್ದು 38. ಅದರಲ್ಲಿ 11 ಮಾತ್ರ ಪಾತಿಗಳಲ್ಲಿ, ಮಿಕ್ಕ 27 ಬದುವಿನಲ್ಲಿ, ಹೆಚ್ಚಿನವು ಗದ್ದೆ ಕಡೆಯ ಬದುವಿನಲ್ಲಿ.

ಉತ್ತರ: ಜಾಲರಿ ಗುಂಡಿ

11ಕ್ಕೆ 27 ಎಂಬ ಈ ಲೆಕ್ಕದಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಅವುಗಳ ಮನೆ ಬದು, ನಿಮ್ಮ ಪಾತಿ ಊಟದ ಜಾಗ. ವಿಷದಿಂದ ಈ 38 ಬಿಲ ಖಾಲಿಯಾದರೂ ಗದ್ದೆಯಿಂದ ಬೇರೆಯವು ಬಂದು ಅದೇ ಬಿಲ ಹಿಡಿಯುತ್ತವೆ. ಸಿದ್ಧ ಮನೆ ಸಿಕ್ಕಿದರೆ ಯಾರು ಬಿಡುತ್ತಾರೆ? ಹಾಗಾಗಿ ಸಸಿ ಉಳಿಸುವುದು ಜಾಲರಿ, ವಿಷ ಕೊಡುವುದು ಬರೀ ಕೆಲವು ವಾರಗಳ ಬಿಡುವು. ಖರ್ಚಿನ ಮೊದಲ ಪಾಲು ಜಾಲರಿಗೆ ಹೋಗಲಿ.

ಅಂಗಡಿಯಲ್ಲಿ ಕೇಳಬೇಕಾದ್ದು ಅರ್ಧ ಇಂಚು ಕಣ್ಣಿನ, 19 ಅಥವಾ 20 ಗೇಜಿನ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು) ಜಿಐ ವೆಲ್ಡ್ ಮೆಶ್, ಅಂದರೆ ಸತು ಲೇಪಿಸಿದ ಕಬ್ಬಿಣದ ಬೆಸುಗೆ ಜಾಲರಿ, 3 ಅಡಿ ಅಗಲದ ರೋಲ್. ಒಂದು ಇಂಚು ಕಣ್ಣಿನ ಕೋಳಿ ಬಲೆ ಅಗ್ಗ ಎಂದು ತರಬೇಡಿ, ಮರಿ ಹೆಗ್ಗಣ ಅದರಲ್ಲಿ ತೂರುತ್ತದೆ, ತಂತಿಯೂ ಸಣ್ಣದು. ಪ್ಲಾಸ್ಟಿಕ್ ಬಲೆ, ಶೇಡ್ ನೆಟ್, ಹಳೆ ಗೊಬ್ಬರದ ಚೀಲ ಇವೆಲ್ಲ ಒಂದು ರಾತ್ರಿಯ ಕೆಲಸ ಅದಕ್ಕೆ.

ನಾಟಿಯಾದ ಸಸಿಗೆ ಹೀಗೆ. ಕಾಂಡದಿಂದ 1 ಅಡಿ ದೂರದಲ್ಲಿ ಸುತ್ತಲೂ ಅರ್ಧ ಅಡಿ ಅಗಲ, ಒಂದೂವರೆ ಅಡಿ ಆಳದ ಉಂಗುರ ಕಾಲುವೆ ತೆಗೆಯಿರಿ. ಹಿಂದಿನ ದಿನ ನೀರು ಬಿಟ್ಟಿದ್ದರೆ ಹಾರೆ ಸಲೀಸಾಗಿ ಇಳಿಯುತ್ತದೆ, ಬೇರಿನ ಮಣ್ಣೂ ಕಳಚುವುದಿಲ್ಲ. ಈ ಸುತ್ತಿಗೆ 7 ಅಡಿ ಮೆಶ್ ಬೇಕು: ಸುತ್ತಳತೆ ಆರೂಕಾಲು ಅಡಿ, ಮಿಕ್ಕಿದ್ದು ಒಂದರ ಮೇಲೊಂದು ಬರುವ ಅಂಚಿಗೆ. 3 ಅಡಿ ಅಗಲವನ್ನು ಹೀಗೆ ಹಂಚಿ: ತಳದ ಅರ್ಧ ಅಡಿ ಹೊರಕ್ಕೆ ಮಡಿಸಿದ್ದು, ಒಂದೂವರೆ ಅಡಿ ಮಣ್ಣಿನೊಳಗೆ ನೆಟ್ಟಗೆ, 1 ಅಡಿ ನೆಲದ ಮೇಲೆ.

ಹೊರಕ್ಕೆ ಮಡಿಸಿದ ಆ ಅರ್ಧ ಅಡಿಯನ್ನು ಬಿಟ್ಟರೆ ಕೆಲಸ ಕೆಟ್ಟಂತೆ. ಹೆಗ್ಗಣ ಅಡ್ಡ ಸಿಕ್ಕಿದ ಜಾಲರಿಯ ಗೋಡೆಗೆ ಮೈ ತಾಗಿಸಿಕೊಂಡು ಅದರ ಬುಡದಲ್ಲೇ ಕೆಳಕ್ಕೆ ತೋಡುತ್ತದೆ. ಕೆಳಗೆ ಮಡಿಕೆ ಕಾಲಿಗೆ ತಡೆದರೆ ಅಲ್ಲಿಗೆ ನಿಲ್ಲಿಸುತ್ತದೆ, ಅರ್ಧ ಅಡಿ ಹಿಂದೆ ಸರಿದು ಮತ್ತೆ ತೋಡಬೇಕೆಂದು ಅದಕ್ಕೆ ಹೊಳೆಯುವುದಿಲ್ಲ. ದುಂಡಾಗಿ ನಿಲ್ಲಿಸಿದ ಮೆಶ್ ಹಾಗೇ ಹೊರಕ್ಕೆ ಮಡಿಯುವುದಿಲ್ಲ. ಆದ್ದರಿಂದ ತಳದ ಅಂಚಿಗೆ ಪ್ರತಿ ಅರ್ಧ ಅಡಿಗೆ ಒಂದರಂತೆ ಅರ್ಧ ಅಡಿ ಉದ್ದ ಸೀಳಿ, ಆ ಸೀಳುಗಳನ್ನು ಹೂವಿನ ಎಸಳಿನಂತೆ ಹೊರಕ್ಕೆ ಬಗ್ಗಿಸಿ. ಎಸಳುಗಳ ನಡುವೆ ಮೂಡುವ ಸಂದಿಗೆ ಕತ್ತರಿಸಿ ಉಳಿದ ಮೆಶ್ ತುಂಡು ಹಾಸಿ. ಎರಡು ಅಂಚು ಸೇರುವ ಕಡೆ 4 ಇಂಚಿಗೆ ಒಂದರಂತೆ ಬೈಂಡಿಂಗ್ ವೈರ್ ಕಟ್ಟಿ. ಹೆಚ್ಚಿನವರ ಜಾಲರಿ ಸೋಲುವುದು ಈ ಜೋಡಣೆಯಲ್ಲೇ. ಮೇಲೆ ಎರಡು ಕಟ್ಟು ಹಾಕಿ ಮಣ್ಣಿನೊಳಗಿನದನ್ನು ಹಾಗೇ ಬಿಟ್ಟಿರುತ್ತಾರೆ.

ಕಾಲುವೆಗೆ ಮಣ್ಣು ತುಂಬಿ, ಮೇಲಿನ ಅರ್ಧ ಅಡಿಗೆ ಮಾತ್ರ 20 ಎಂಎಂ ಜಲ್ಲಿ ಹಾಕಿ. ಒಂದು ಸಸಿಗೆ ಸುಮಾರು ಒಂದೂವರೆ ಘನ ಅಡಿ, ಅಂದರೆ ಸಿಮೆಂಟ್ ಚೀಲದಲ್ಲಿ ಅಳೆದರೆ ಒಂದೂಕಾಲು ಚೀಲ. ಜಲ್ಲಿಯಲ್ಲಿ ಸುರಂಗ ನಿಲ್ಲುವುದಿಲ್ಲ, ತೋಡಿದಷ್ಟೂ ಕುಸಿಯುತ್ತದೆ. ಒಳಗೆ ಹುಲ್ಲು ಬೆಳೆಯಲು ಬಿಡಬೇಡಿ. ಪ್ರತಿ ಸಲ ಗೊಬ್ಬರ, ಮಣ್ಣು ಏರಿಸುವಾಗ ಹೊರಗೆ ಕಾಣುವ ಜಾಲರಿಯ ಎತ್ತರ ಕುಗ್ಗುತ್ತಾ ಬರುತ್ತದೆ. ಮುಕ್ಕಾಲು ಅಡಿಗಿಂತ ಕಡಿಮೆಯಾದರೆ ಅದು ದಾಟಿ ಬರುತ್ತದೆ.

ಜಾಲರಿ ಮುಚ್ಚುವ ಮೊದಲು ಒಳಗೆ ಜೀವಂತ ಬಿಲ ಇಲ್ಲ ಎಂದು ನೋಡಿಕೊಳ್ಳಿ. ಆ 11 ಪಾತಿಗಳಲ್ಲಿ ಮೊದಲು ಬಿಲ ಅಗೆದು ಖಾಲಿ ಮಾಡಿ ಆಮೇಲೆ ಜಾಲರಿ. ಇಲ್ಲದಿದ್ದರೆ ಹೆಗ್ಗಣವನ್ನು ಸಸಿಯ ಜೊತೆ ಕೂಡಿ ಹಾಕಿದಂತೆ ಆಗುತ್ತದೆ.

ಉತ್ತರ: ಕಸಿಮಾವು

ಮೇಲಿನ ವಿಧಾನ ಸರಿ, ಆದರೆ ತೆಂಗಿಗೂ ಮಾವಿಗೂ ಒಂದೇ ಅಳತೆ ಹೇಳಿದ್ದನ್ನು ಒಪ್ಪಲಾರೆ. ಮೂರು ನಾಲ್ಕು ವರ್ಷದ ಮೇಲೆ ಅದರ ಪೆಟ್ಟು ಗೊತ್ತಾಗುತ್ತದೆ.

ಮಾವು, ಸೀಬೆ, ಸಪೋಟ, ದಾಳಿಂಬೆಯ ಬೇರು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ. ಅರ್ಧ ಇಂಚಿನ ಕಣ್ಣಿನಲ್ಲಿ ದಾರದಂತೆ ತೂರಿದ ಪಕ್ಕದ ಬೇರು ಬೆರಳು ಗಾತ್ರಕ್ಕೆ ಬಂದಾಗ ತಂತಿ ಅದರ ಕತ್ತು ಹಿಸುಕುತ್ತದೆ. ಗ್ಯಾಲ್ವನೈಸ್ ಆದ ದಪ್ಪ ತಂತಿ ಬೇಗ ತುಕ್ಕು ಹಿಡಿಯುವುದೂ ಇಲ್ಲ. ಮರ ಸಾಯುವುದಿಲ್ಲ, ಆದರೆ ಹಿಡಿತ ಸಡಿಲವಾಗಿ ಗಾಳಿಗೆ ವಾಲುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಆದ್ದರಿಂದ ಈ ಜಾತಿಗಳಿಗೆ 16 ಗೇಜಿನಂಥ ದಪ್ಪ ಮೆಶ್ ಬೇಡವೇ ಬೇಡ. 20 ಗೇಜಿಗೆ ನಿಲ್ಲಿಸಿ, ತಳ ಪೂರ್ತಿ ತೆರೆದಿರಲಿ, ಎರಡನೇ ವರ್ಷ ತುಂಬಿದ ಮೇಲೆ ಮಳೆಗಾಲದ ಶುರುವಿನಲ್ಲಿ ಮಣ್ಣೊಳಗಿನ ಭಾಗವನ್ನು ನಾಲ್ಕು ಕಡೆ ಮೇಲಿಂದ ಕೆಳಕ್ಕೆ ಕತ್ತರಿಸಿ ಎಳೆದು ತೆಗೆಯಿರಿ. ಆ ಹೊತ್ತಿಗೆ ಬುಡದ ತೊಗಟೆ ಗಡುಸಾಗಿರುತ್ತದೆ, ಹೆಗ್ಗಣಕ್ಕೆ ಅಷ್ಟು ರುಚಿಸುವುದಿಲ್ಲ. ನೆಲದ ಮೇಲಿನ ಒಂದು ಅಡಿಯನ್ನು ಮೊಲದ ಕಾಟ ಇರುವ ಕಡೆ ಇನ್ನೂ ಒಂದು ವರ್ಷ ಉಳಿಸಿ.

ತೆಂಗು, ಅಡಿಕೆಯ ಲೆಕ್ಕ ಬೇರೆ. ಅವುಗಳಿಗೆ ತಾಯಿ ಬೇರಿಲ್ಲ. ಬುಡದಿಂದ ಹೊರಡುವ ಬೇರುಗಳು ಹುಟ್ಟಿದ ದಪ್ಪದಲ್ಲೇ ಉಳಿಯುತ್ತವೆ, ಮರದ ಬೇರಿನಂತೆ ದಪ್ಪವಾಗುತ್ತಾ ಹೋಗುವುದಿಲ್ಲ. ತೆಂಗಿನ ಬೇರು ಹೆಚ್ಚೆಂದರೆ ಕಿರುಬೆರಳ ಗಾತ್ರ, ಅರ್ಧ ಇಂಚಿನ ಕಣ್ಣಿನಲ್ಲಿ ತೂರಿ ಹಾಗೇ ಇರುತ್ತದೆ. ಹಾಗಾಗಿ ಬೇರು ಹಿಸುಕುವ ಭಯ ಇಲ್ಲಿಲ್ಲ. ಇಲ್ಲಿನ ತೊಂದರೆ ಬುಡದ್ದು: ತೆಂಗಿನ ಬುಡ ಮೂರು ನಾಲ್ಕು ವರ್ಷದಲ್ಲಿ ಭಾರಿ ಅಗಲಕ್ಕೆ ಊದುತ್ತದೆ. ಕಾಂಡದಿಂದ 1 ಅಡಿ ಎಂಬುದು ತೆಂಗಿಗೆ ಸಾಲದು, ಒಂದೂವರೆ ಅಡಿ ಬಿಡಿ. ಆಗ ಸುತ್ತಿಗೆ 10 ಅಡಿ ಮೆಶ್ ಬೇಕಾಗುತ್ತದೆ, ಜಲ್ಲಿಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ.

ತೆಂಗಿನ ಗುಂಡಿಯ ಮಟ್ಟೆಯ ಬಗ್ಗೆ ಯಾರೂ ಹೇಳಲಿಲ್ಲ. ತೇವಕ್ಕೆ ಮಟ್ಟೆ ಒಳ್ಳೆಯದೇ, ಆದರೆ ಪದರದ ನಡುವೆ ಮಣ್ಣು ತುಂಬಿ ತುಳಿಯದಿದ್ದರೆ ಒಳಗೆ ಪೊಳ್ಳು ಉಳಿಯುತ್ತದೆ. ಹೆಗ್ಗಣ ಅಲ್ಲೇ ಮರಿ ಹಾಕುತ್ತದೆ. ಸತ್ತ 6 ಸಸಿಗಳ ಗುಂಡಿಯನ್ನು ತಳದವರೆಗೆ ಬಗೆದು ನೋಡಿ, ಅಲ್ಲಿ ಗೂಡು ಇರುವ ಸಾಧ್ಯತೆ ಹೆಚ್ಚು. ಮರುನಾಟಿಗೆ ಮಟ್ಟೆಯನ್ನು ಒಳಮೈ ಮೇಲಾಗಿ ಜೋಡಿಸಿ, ಪ್ರತಿ ಪದರಕ್ಕೂ ಮಣ್ಣು ಸುರಿದು ನೀರು ಬಿಟ್ಟು ಕೂರಿಸಿ. ಕಡಲೆಕಾಯಿ ಹಿಂಡಿ ಹೆಗ್ಗಣಕ್ಕೆ ಔತಣ. ಎಳೆ ಸಸಿಯ ಬುಡಕ್ಕೆ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ ಬಳಸಿ. ಅದರಿಂದ ಹೆಗ್ಗಣ ಓಡಿಹೋಗುತ್ತದೆಂದು ನಂಬಬೇಡಿ, ಕರೆಯುವುದಿಲ್ಲ ಅಷ್ಟೇ.

ಹೊದಿಕೆ ತೆಗೆಯುವುದು ಬೇಡ, ಬೇಸಿಗೆಗೆ ಬೇಕು. ಕಾಂಡದಿಂದ ಒಂದೂವರೆ ಅಡಿ ಬಿಟ್ಟು ಹಾಸಿ, ಜಾಲರಿಯ ಒಳಗೆ ಬರಿ ನೆಲ ಕಾಣಲಿ. ಡ್ರಿಪ್ಪರನ್ನೂ ಬುಡದಿಂದ ಒಂದೂವರೆ ಅಡಿ ಆಚೆಗೆ ಸರಿಸಿ, ಒಂದರ ಬದಲು ಎದುರುಬದುರು ಎರಡು ಮಾಡಿ. ಬುಡದಲ್ಲೇ ಸದಾ ಒದ್ದೆ ಇದ್ದರೆ ಬಿಲ ತೋಡುವ ಶ್ರಮವನ್ನು ನಾವೇ ಕಡಿಮೆ ಮಾಡಿಕೊಟ್ಟಂತೆ, ಬೇರೂ ಹೊರಗೆ ಹರಡುವುದಿಲ್ಲ.

ಉತ್ತರ: ಬದುಬೇಲಿ

ತೆಂಗಿನ ಬುಡದ ಅಳತೆಯ ತಿದ್ದುಪಡಿ ಸರಿಯಾಗಿದೆ. ಈಗ ವಿಷದ ಮಾತು. 38 ಜೀವಂತ ಬಿಲ ಇರುವಾಗ ಬರೀ ಜಾಲರಿ ನಂಬಿ ಕೂರಲಾಗದು, 100ಕ್ಕೂ ಹೆಚ್ಚು ಸಸಿಗೆ ಜಾಲರಿ ಹಾಕಿ ಮುಗಿಸುವುದರೊಳಗೆ ಇನ್ನಷ್ಟು ಹೋಗುತ್ತವೆ.

ರೈತರು ಬಳಸಬಹುದಾದ್ದು ಎರಡು: ಜಿಂಕ್ ಫಾಸ್ಫೈಡ್ ಮತ್ತು ಬ್ರೋಮೋಡಯೋಲೋನ್. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಯಾರಾದರೂ ಕೊಡಲು ಬಂದರೆ ಬೇಡ ಎನ್ನಿ. ಅದರ ಬಳಕೆ ಸರ್ಕಾರಿ ಪರಿಣತರಿಗೆ, ಪರವಾನಗಿ ಇರುವ ಕೀಟ ನಿಯಂತ್ರಕರಿಗೆ ಸೀಮಿತ, ಅದರ ಅನಿಲ ಮನುಷ್ಯರನ್ನು ಕೊಂದ ಪ್ರಕರಣ ಬೇಕಾದಷ್ಟಿವೆ. ಹಳದಿ ರಂಜಕದ ಪೇಸ್ಟ್ ಕೂಡ ಮನೆಗೆ ತರಬೇಡಿ.

ಜಿಂಕ್ ಫಾಸ್ಫೈಡ್ ತೀಕ್ಷ್ಣ ವಿಷ. ಹೊಟ್ಟೆಯ ಆಮ್ಲಕ್ಕೆ ಸೇರಿದಾಗ ಫಾಸ್ಫೀನ್ ಅನಿಲ ಬಿಡುತ್ತದೆ, ಕೆಲವು ಗಂಟೆಗಳಲ್ಲಿ ಸಾವು. ಪ್ರಮಾಣ ತೂಕದಲ್ಲಿ 96 ಪಾಲು ನುಚ್ಚು, 2 ಪಾಲು ಕಡಲೆಕಾಯಿ ಎಣ್ಣೆ, 2 ಪಾಲು ಶೇ 80ರ ಜಿಂಕ್ ಫಾಸ್ಫೈಡ್ ಪುಡಿ. ನಿಮ್ಮ 38 ಬಿಲಕ್ಕೆ ತಲಾ 10 ಗ್ರಾಂನಂತೆ 380 ಗ್ರಾಂ ಬೇಕು, 400 ಗ್ರಾಂ ಮಾಡಿ: ನುಚ್ಚು 384 ಗ್ರಾಂ, ಎಣ್ಣೆ 8 ಗ್ರಾಂ, ಪುಡಿ 8 ಗ್ರಾಂ. ಹೆಚ್ಚು ಹಾಕಿದರೆ ಹೆಚ್ಚು ಸಾಯುತ್ತವೆ ಎಂಬುದು ತಪ್ಪು. ಬೆಳ್ಳುಳ್ಳಿಯಂಥ ಘಾಟು ಏರಿ ಮುಟ್ಟುವುದೇ ಇಲ್ಲ. ಮೊದಲು ನುಚ್ಚಿಗೆ ಎಣ್ಣೆ ಹಿಡಿಸಿ, ಆಮೇಲೆ ಪುಡಿ ಉದುರಿಸಿ ಕೋಲಿನಲ್ಲಿ ಕಲಸಿ. ಕೈಗವಸು, ಮೂಗಿಗೆ ಬಟ್ಟೆ, ಗಾಳಿ ಬೆನ್ನಿಗೆ, ಜಾಗ ಬಯಲು. ಕಲಸಿದ ಪಾತ್ರೆ ಮತ್ತೆ ಅಡುಗೆ ಮನೆ ಸೇರಬಾರದು.

ವಿಷಕ್ಕಿಂತ ಮುಖ್ಯವಾದದ್ದು ಅದಕ್ಕೆ ಮುಂಚಿನ ದಿನಗಳು. ಹೆಗ್ಗಣ ಹೊಸ ತಿನಿಸನ್ನು ಒಂದೇ ಸಲಕ್ಕೆ ನಂಬುವುದಿಲ್ಲ, ಚೂರು ನೆಕ್ಕಿ ನೋಡುತ್ತದೆ. ಆ ಚೂರಿಗೆ ಹೊಟ್ಟೆ ನೋವಾಗಿ ಬದುಕಿದರೆ ಮುಂದೆ ತಿಂಗಳುಗಟ್ಟಲೆ ಆ ತಿನಿಸಿನ ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಮೊದಲ ದಿನ ಸಂಜೆ ಬಾಯಿ ಮುಚ್ಚಿ, ಎರಡನೇ ದಿನ ತೆರೆದ ಬಿಲಗಳಿಗೆ ವಿಷವಿಲ್ಲದ ನುಚ್ಚು, ಎಣ್ಣೆಯನ್ನು ಕಾಗದದ ಪೊಟ್ಟಣದಲ್ಲಿ ಇಡಿ. ನಾಲ್ಕನೇ ದಿನದವರೆಗೆ ಹೀಗೇ ರೂಢಿ ಮಾಡಿ. ಐದನೇ ದಿನ ಸಂಜೆ ಅದೇ ನುಚ್ಚು, ಅದೇ ಎಣ್ಣೆ, ಅದೇ ಕಾಗದ, ವಿಷ ಮಾತ್ರ ಸೇರಿರಲಿ. ಪೊಟ್ಟಣವನ್ನು ಕೋಲಿನಿಂದ ಒಂದು ಅಡಿಯಾದರೂ ಒಳಕ್ಕೆ ತಳ್ಳಿ, ಬಾಯಿಗೆ ಸ್ವಲ್ಪ ಹುಲ್ಲು ತುರುಕಿ ಮಣ್ಣು ಮುಚ್ಚಿ. ನುಚ್ಚು ಹೊರಗೆ ಚೆಲ್ಲಿದರೆ ಬೆಳಿಗ್ಗೆ ನವಿಲು ಹೆಕ್ಕುತ್ತದೆ. ಆರನೇ ದಿನ ಹೊರಗೆ ಬಿದ್ದು ಸತ್ತವನ್ನು ಹುಡುಕಿ ಎರಡು ಅಡಿ ಆಳದಲ್ಲಿ ಹೂಳಿ, ಎಲ್ಲ ಬಾಯಿ ಮತ್ತೆ ಮುಚ್ಚಿ.

11, 12ನೇ ದಿನ ಮತ್ತೆ ತೆರೆದ ಬಿಲ ಎಣಿಸಿ. ಉಳಿದವು ಜಿಂಕ್ ಫಾಸ್ಫೈಡಿನ ಪಾಠ ಕಲಿತವು, ಅವಕ್ಕೆ ಮತ್ತೆ ಅದನ್ನೇ ಇಟ್ಟರೆ ದಂಡ. ಬ್ರೋಮೋಡಯೋಲೋನ್ ಶೇ 0.005ರ ಸಿದ್ಧ ಮೇಣದ ಬಿಲ್ಲೆ ಬಿಲಕ್ಕೆ 15 ಗ್ರಾಂ ಇಡಿ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ, ಸಾಯಲು ನಾಲ್ಕೈದು ದಿನದಿಂದ ವಾರದ ಮೇಲೂ ಹಿಡಿಯುತ್ತದೆ. ತಿಂದದ್ದಕ್ಕೂ ಸಾವಿಗೂ ನಂಟು ಗೊತ್ತಾಗದ ಕಾರಣ ಸಂಶಯ ಬರುವುದಿಲ್ಲ. ಮಣ್ಣಿನಲ್ಲಿ ತೇವ ಇರುವಾಗ, ಮಳೆಗಾಲದಲ್ಲಿ ಬಿಲ್ಲೆಯೇ ವಾಸಿ. ನುಚ್ಚಿಗೆ ಬೂಷ್ಟು ಹಿಡಿಯುತ್ತದೆ, ಜಿಂಕ್ ಫಾಸ್ಫೈಡ್ ತೇವಕ್ಕೆ ಕಸುವು ಕಳೆದುಕೊಳ್ಳುತ್ತದೆ.

ನಾಯಿಯೋ ಮಗುವೋ ತಿಂದ ಅನುಮಾನ ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಪೊಟ್ಟಣದ ಚೀಟಿ ಸಮೇತ ಆಸ್ಪತ್ರೆಗೆ ಓಡಬೇಕು. ಬ್ರೋಮೋಡಯೋಲೋನ್‌ಗೆ ವಿಟಮಿನ್ ಕೆ1 ಪ್ರತಿವಿಷ ಇದೆ. ಜಿಂಕ್ ಫಾಸ್ಫೈಡ್‌ಗೆ ಇಲ್ಲ.

ಗದ್ದೆಯವರು, ರಾಗಿ ಹೊಲದವರು ಇಬ್ಬರನ್ನೂ ಕೂರಿಸಿ ಮಾತಾಡಿ. ಒಬ್ಬರೇ ಮಾಡಿದ್ದು ಹೆಚ್ಚು ದಿನ ನಿಲ್ಲುವುದಿಲ್ಲ. ಹೆಗ್ಗಣದ ಗಬ್ಬ ಮೂರು ವಾರ ಚಿಲ್ಲರೆ, ಸೂಲಿಗೆ ಆರೇಳು ಮರಿ, ಅವು ಮೂರು ತಿಂಗಳಲ್ಲಿ ಮತ್ತೆ ಮರಿ ಹಾಕಲು ತಯಾರು. ಮೂವರೂ ಒಂದೇ ವಾರ ಕೈ ಹಾಕುವುದಾದರೆ ಮೇ ಕೊನೆ, ಜೂನ್ ಮೊದಲು, ಬಿತ್ತನೆಗೆ ಮುಂಚೆ ಇಟ್ಟುಕೊಳ್ಳಿ. ಹೊಲದಲ್ಲಿ ತಿನ್ನಲು ಏನೂ ಇಲ್ಲದ ಕಾಲ, ಇಟ್ಟದ್ದನ್ನು ತಿನ್ನುತ್ತವೆ. ಗದ್ದೆ ಕಡೆಯ ಬದು ಎಷ್ಟು ಅಗಲ ಇದೆ? ಮೂರು ನಾಲ್ಕು ಅಡಿ ಇದ್ದರೆ ಅದನ್ನು ಒಂದೂವರೆ ಅಡಿಗೆ ಕೆತ್ತಿ ಇಳಿಸುವುದು ಒಂದು ಚೀಲ ವಿಷಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ತೆಳ್ಳಗಿನ ಬದುವಿನಲ್ಲಿ ಬಿಲ ನಿಲ್ಲುವುದಿಲ್ಲ.

ಉತ್ತರ: ಎರೆಹೊಲ, ಕೊಪ್ಪಳ

ನಮ್ಮ ಕಡೆ ದಾಳಿಂಬಿ, ಪೇರಲ ಹಚ್ಚಿದವರು ಇದನ್ನ ಓದತಿದ್ದರ ಒಂದು ಮಾತು. ಬಿಲದ ಮುಂದ ಮಣ್ಣಿನ ಗುಡ್ಡಿ ಇಲ್ಲ, ಬಾಯಿ ಹಗಲೂ ತೆರದ ಐತಿ, ಒಂದs ಜಾಗಾದಾಗ ನಾಕೈದು ಬಾಯಿ ಅದಾವ ಅಂದ್ರ ಅದು ಹೆಗ್ಗಣ ಅಲ್ಲ, ಬಯಲು ಇಲಿ. ಬಾಲದ ತುದಿಗೆ ಕೂದಲ ಕುಚ್ಚು ಇರತೈತಿ, ಜಿಗಿದು ಓಡತೈತಿ. ಒಣ ಕೆಂಪು ಮಸಾರಿ ನೆಲದಾಗ ಹೆಚ್ಚು. ಇದಕ್ಕ ಒಂದು ಬಾಯಿಗೆ ಮಾತ್ರ ಪೊಟ್ಟಣ ಇಟ್ರ ಇನ್ನೊಂದರಿಂದ ಹೋಗತೈತಿ, ಎಲ್ಲಾ ಬಾಯಿ ಮುಚ್ಚಿ ತೆರದದ್ದಕ್ಕೆಲ್ಲಾ ಇಡಬೇಕು. ಎರಿ ಭೂಮಿಯಾಗ ಬ್ಯಾಸಿಗಿಗೆ ಬಿರುಕು ಬಿಟ್ಟಾಗ ಸಣ್ಣ ಹೊಲದ ಇಲಿ ಬಿರಕಿನಾಗs ಮನಿ ಮಾಡತಾವ, ಅಲ್ಲಿ ಬಿಲ ಹುಡುಕಿ ಉಪಯೋಗ ಇಲ್ಲ. ಗಿಡದ ಸುತ್ತ ನಾಕು ಅಡಿ ಹರಗಿ ಬಿರುಕು ಮುಚ್ಚಬೇಕು.

ಪೈಪ್ ಕಡಿಯೂದು ನೀರಡಿಕಿಗೆ. ಬ್ಯಾಸಿಗಿಯಾಗ ಬದುವಿನ ಮ್ಯಾಲೆ ಅಲ್ಲಲ್ಲಿ ಒಡದ ಗಡಿಗಿ ತಳದಾಗ ನೀರು ಇಟ್ರ ಪೈಪಿನ ಕಾಟ ಕಡಿಮಿ ಆಗತೈತಿ. ಹಕ್ಕಿಗೂ ಆತು.

ಉತ್ತರ: ಜಾಲರಿ ಗುಂಡಿ

ಗೂಬೆಯ ವಿಷಯ ಸೇರಿಸುತ್ತೇನೆ. ಕಣಜ ಗೂಬೆಯ ಊಟ ಬಹುಪಾಲು ಇಲಿಯೇ. ಹೊಸ ತೋಟದಲ್ಲಿ ಅದಕ್ಕೆ ಕೂರಲು ಮರವಿಲ್ಲ. 8ರಿಂದ 10 ಅಡಿ ಎತ್ತರದ ಕಂಬಕ್ಕೆ ಒಂದೂವರೆ ಅಡಿ ಅಡ್ಡ ಕೋಲು ಹೊಡೆದು ಬದುವಿನ ಗುಂಟ ನಿಲ್ಲಿಸಿ. ಗದ್ದೆ ಕಡೆ ನಾಲ್ಕೈದು ಸಾಕು. ಅಡ್ಡ ಕೋಲು ನುಣುಪಾದ ಪೈಪಾಗಿದ್ದರೆ ಉಗುರು ಹಿಡಿಯುವುದಿಲ್ಲ, ತೊಗಟೆ ಇರುವ ಕೊಂಬೆ ಹಾಕಿ. ಕೇರೆ ಹಾವು ಕಂಡರೆ ಬಿಟ್ಟುಬಿಡಿ, ಅದು ಬಿಲದೊಳಗೇ ಹೋಗಿ ಮರಿ ತಿನ್ನುತ್ತದೆ. ಬ್ರೋಮೋಡಯೋಲೋನ್ ತಿಂದು ತೂರಾಡುವ ಹೆಗ್ಗಣವನ್ನು ಗೂಬೆ ಹಿಡಿದು ತಿಂದರೆ ಆ ವಿಷ ಅದಕ್ಕೂ ಏರುತ್ತದೆ. ಆದ್ದರಿಂದ ಆ ಬಿಲ್ಲೆಯನ್ನು ಉಳಿದ ಕೆಲವೇ ಬಿಲಗಳಿಗೆ ಒಂದು ಸಲ ಬಳಸಿ ನಿಲ್ಲಿಸಿ, ವರ್ಷವಿಡೀ ಇಡಬೇಡಿ.

ಸಿಮೆಂಟ್ ಬೆಲ್ಲದ ಉಂಡೆ, ಗ್ಲಿರಿಸಿಡಿಯಾ ತೊಗಟೆ ಬೇಯಿಸಿದ ಕಾಳು ಇವುಗಳ ಬಗ್ಗೆ ಮುಂದೆ ಯಾರಾದರೂ ಕೇಳಬಹುದು. ಮೊದಲನೆಯದರಿಂದ ಏನೂ ಆಗದು. ಎರಡನೆಯದರಲ್ಲಿ ಸತ್ವ ಇದೆ, ಆದರೆ ಒಂದು ಸಲ ಮಾಡಿದಂತೆ ಇನ್ನೊಂದು ಸಲ ಬರುವುದಿಲ್ಲ, ಸಸಿ ಸಾಯುತ್ತಿರುವಾಗ ಅದನ್ನು ನಂಬಿ ಕೂರಲಾಗದು.

ಹೊಸತೋಟ, ತುರುವೇಕೆರೆ

ಬಹಳ ಉಪಕಾರವಾಯಿತು. ಗದ್ದೆ ಕಡೆಯ ಬದು ಸುಮಾರು ನಾಲ್ಕು ಅಡಿ ಅಗಲ ಇದೆ, ಗದ್ದೆಯವರೂ ಕೆತ್ತಲು ಒಪ್ಪಿದ್ದಾರೆ. ಕೊನೆಯದಾಗಿ, ಪೂರ್ತಿ ಸಾಯದೆ ಅರ್ಧಂಬರ್ಧ ಕಡಿಸಿಕೊಂಡ 5 ಮಾವು, 3 ಸೀಬೆ ಇವೆ. ಕಿತ್ತು ಹಾಕಬೇಕೇ?

ಉತ್ತರ: ಕಸಿಮಾವು

ಕೀಳಬೇಡಿ. ಬುಡದ ಮಣ್ಣು ಸರಿಸಿ ತೊಗಟೆ ಎಷ್ಟು ಸುತ್ತು ಹೋಗಿದೆ ನೋಡಿ. ಅರ್ಧ ಸುತ್ತಿಗಿಂತ ಕಡಿಮೆ ಇದ್ದರೆ ಗಾಯದ ಅಂಚನ್ನು ಹರಿತ ಚಾಕುವಿನಿಂದ ನಯ ಮಾಡಿ ಬೋರ್ಡೋ ಪೇಸ್ಟ್ ಬಳಿಯಿರಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ, ಎರಡನ್ನೂ ಸೇರಿಸಿ. ಕಬ್ಬಿಣದ ಚಾಕು ಅದ್ದಿ ತೆಗೆದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅವತ್ತೇ ಬಳಿದು ಮುಗಿಸಬೇಕು. ಬೇರು ಕಡಿಮೆಯಾಗಿರುವುದರಿಂದ ಮೇಲಿನ ಚಿಗುರನ್ನೂ ಮೂರರಲ್ಲೊಂದು ಪಾಲು ಸವರಿ, ಗೂಟ ಕೊಟ್ಟು ಕಟ್ಟಿ, ತೆಂಗಿನ ಗರಿಯ ನೆರಳು ಮಾಡಿ.

ಸುತ್ತಲೂ ತೊಗಟೆ ಹೋಗಿದ್ದರೆ ಸೀಬೆಗೂ ಮಾವಿಗೂ ದಾರಿ ಬೇರೆ. ನಿಮ್ಮ ಸೀಬೆ ಗೂಟಿ ಕಟ್ಟಿದ (ಗಿಡದ ಕೊಂಬೆಗೇ ಬೇರು ಬರಿಸಿ ತೆಗೆದ) ಸಸಿಯಾದರೆ ಬೇರೂ ಅದೇ ತಳಿಯದ್ದು. ಗಾಯದ ಕೆಳಗೆ ಕತ್ತರಿಸಿ ಬಿಟ್ಟರೆ ಬುಡದಿಂದ ಚಿಗುರು ಬರುತ್ತದೆ, ಗಟ್ಟಿಯಾದ ಒಂದನ್ನು ಉಳಿಸಿ ಬೆಳೆಸಿ. ಕಸಿ ಮಾವಿನಲ್ಲಿ ಗಾಯ ಕಸಿ ಗಂಟಿನ ಕೆಳಗೆ ಆಗಿರುತ್ತದೆ, ಅಲ್ಲಿಂದ ಚಿಗುರುವುದು ನಾಟಿ ಗೊರಟೆಯ ಗಿಡ. ಆ ಚಿಗುರನ್ನು ಪೆನ್ಸಿಲ್ ದಪ್ಪಕ್ಕೆ ಬರುವವರೆಗೆ ಬೆಳೆಸಿ, ಮಳೆಗಾಲದಲ್ಲಿ ಗಾಳಿಯಲ್ಲಿ ತೇವ ಇರುವಾಗ ಬೇಕಾದ ತಳಿಯ ಕಡ್ಡಿಯನ್ನು ಅಲ್ಲೇ ಕಸಿ ಮಾಡಿಸಿ. ಬೇರು ಆಗಲೇ ನೆಲ ಹಿಡಿದಿರುವುದರಿಂದ ಹೊಸ ಸಸಿ ತಂದು ನೆಡುವುದಕ್ಕಿಂತ ಬೇಗ ಏಳುತ್ತದೆ. ಅವಕ್ಕೂ ಜಾಲರಿ ಮೊದಲೇ ಇರಲಿ, ಎಳೆ ಚಿಗುರು ಮೊಲಕ್ಕೆ ಬಲು ಇಷ್ಟ.